ಸಿಗ್ನಲ್ ಹಸಿರು, ಹಳಿ ಬೇರೆ ದಾರಿ: ಲೋಪ ಎಲ್ಲಿದೆ?

2024ರ ಅಕ್ಟೋಬರ್ 11, ಆಯುಧಪೂಜೆಯ ದಿನ. ಮೈಸೂರಿನಿಂದ ಬಿಹಾರದ ದರ್ಭಂಗಾಕ್ಕೆ ಹೊರಟಿದ್ದ ಬಾಗ್ಮತಿ ಎಕ್ಸ್‌ಪ್ರೆಸ್ ರಾತ್ರಿ ಎಂಟೂವರೆಯ ಸುಮಾರಿಗೆ ಚೆನ್ನೈ ದಾಟಿ ತಿರುವಳ್ಳೂರು ಜಿಲ್ಲೆಯ ಕವರೈಪೇಟ್ಟೈ ನಿಲ್ದಾಣವನ್ನು ಸಮೀಪಿಸಿತ್ತು. ಆ ಸಣ್ಣ ನಿಲ್ದಾಣದಲ್ಲಿ ಅದಕ್ಕೆ ನಿಲುಗಡೆ ಇರಲಿಲ್ಲ. ಮುಖ್ಯ ಮಾರ್ಗದಲ್ಲಿ ನೇರವಾಗಿ ಸಾಗಲು ಹಸಿರು ಸಿಗ್ನಲ್ ಸಿಕ್ಕಿತ್ತು. ಆದರೆ ಗಾಡಿ ನೇರವಾಗಿ ಸಾಗಲಿಲ್ಲ. ಜೋರಾದ ಜೊಲ್ಲೆಯೊಂದಿಗೆ ಪಕ್ಕದ ಲೂಪ್ ಲೈನಿಗೆ ತಿರುಗಿತು. ಅಲ್ಲಿ ಗೂಡ್ಸ್ ಗಾಡಿಯೊಂದು ನಿಂತಿತ್ತು. ಚಾಲಕ ತುರ್ತು ಬ್ರೇಕ್ ಹಾಕಿದರೂ ಡಿಕ್ಕಿ ತಪ್ಪಲಿಲ್ಲ. ಬೋಗಿಗಳು ಹಳಿ ತಪ್ಪಿದವು, ಒಂದಕ್ಕೆ ಬೆಂಕಿ ಹೊತ್ತಿಕೊಂಡಿತು, ಹಲವರು ಗಾಯಗೊಂಡರು. ಯಾರೂ ಪ್ರಾಣ ಕಳೆದುಕೊಳ್ಳಲಿಲ್ಲ ಎಂಬುದು ಅಂದಿನ ಮಟ್ಟಿಗೆ ದೊಡ್ಡ ಸಮಾಧಾನ.

ಅದಕ್ಕೂ ಹದಿನಾರು ತಿಂಗಳ ಹಿಂದೆ ಅಂಥ ಸಮಾಧಾನಕ್ಕೆ ಅವಕಾಶವಿರಲಿಲ್ಲ. 2023ರ ಜೂನ್ 2ರ ಸಂಜೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಶಾಲಿಮಾರ್–ಚೆನ್ನೈ ಕೋರಮಂಡಲ್ ಎಕ್ಸ್‌ಪ್ರೆಸ್ ಇದೇ ಬಗೆಯಲ್ಲಿ, ಹಸಿರು ಸಿಗ್ನಲ್ ಇದ್ದಾಗಲೇ, ಗಂಟೆಗೆ ಸುಮಾರು 128 ಕಿಲೋಮೀಟರ್ ವೇಗದಲ್ಲಿ ಲೂಪ್ ಲೈನಿಗೆ ನುಗ್ಗಿ ಅದಿರು ತುಂಬಿದ ಗೂಡ್ಸ್ ಗಾಡಿಗೆ ಅಪ್ಪಳಿಸಿತು. ಚದುರಿದ ಬೋಗಿಗಳು ಪಕ್ಕದ ಹಳಿಯ ಮೇಲೆ ಬಿದ್ದವು. ಅದೇ ಕ್ಷಣದಲ್ಲಿ ಆ ಹಳಿಯಲ್ಲಿ ಹಾದುಹೋಗುತ್ತಿದ್ದುದು ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಟು ಹೌರಾದತ್ತ ಸಾಗಿದ್ದ ಎಕ್ಸ್‌ಪ್ರೆಸ್. ಅದರ ಹಿಂಬದಿಯ ಬೋಗಿಗಳೂ ಉರುಳಿದವು. 290ಕ್ಕೂ ಹೆಚ್ಚು ಮಂದಿ ಸತ್ತರು.

ಇನ್ನೂ ಸ್ವಲ್ಪ ಹಿಂದಕ್ಕೆ ಹೋದರೆ ಕರ್ನಾಟಕದೊಳಗಿನ ಒಂದು ಘಟನೆ ಸಿಗುತ್ತದೆ. 2023ರ ಫೆಬ್ರುವರಿ 8ರಂದು ಮೈಸೂರು ವಿಭಾಗಕ್ಕೆ ಸೇರಿದ ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರಸ್ತೆ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ತೋರಿದ ದಾರಿ ಒಂದಾಗಿದ್ದು, ಮುಂದೆ ಹಳಿ ಜೋಡಿಸಿಕೊಂಡಿದ್ದ ದಾರಿ ಇನ್ನೊಂದಾಗಿತ್ತು. ಚಾಲಕನ ಕಣ್ಣಿಗೆ ಅದು ಬಿತ್ತು, ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲವಾದ್ದರಿಂದ ಅದು ಸುದ್ದಿಯೂ ಆಗಲಿಲ್ಲ. ಮರುದಿನ ನೈಋತ್ಯ ರೈಲ್ವೆಯ ಹಿರಿಯ ಕಾರ್ಯಾಚರಣಾ ಅಧಿಕಾರಿಯೊಬ್ಬರು ಪತ್ರ ಬರೆದು, ಗಾಡಿ ಸಿಗ್ನಲ್ ನಂಬಿ ಹೊರಟ ಮೇಲೆ ಅದರ ದಾರಿ ಬದಲಾಗುವಂಥ ಗಂಭೀರ ದೋಷ ವ್ಯವಸ್ಥೆಯಲ್ಲಿದೆ, ಕೂಡಲೇ ಸರಿಪಡಿಸದಿದ್ದರೆ ದೊಡ್ಡ ಅಪಘಾತಕ್ಕೆ ಎಡೆಯಾದೀತು ಎಂದು ಎಚ್ಚರಿಸಿದ್ದರು. ಪತ್ರದ ವಿಷಯ ಜನರಿಗೆ ತಿಳಿದದ್ದು ಬಹನಾಗಾ ದುರಂತದ ನಂತರ.

ಮೂರೂ ಪ್ರಕರಣಗಳ ಹಿನ್ನೆಲೆ ಬೇರೆ ಬೇರೆ. ಆದರೆ ಮೂರೂ ನಡೆದದ್ದು ಒಂದು ಹಳಿ ಎರಡಾಗಿ ಕವಲೊಡೆಯುವ, ರೈಲ್ವೆಯವರು 'ಪಾಯಿಂಟ್' ಎಂದು ಕರೆಯುವ ಜಾಗದಲ್ಲಿ. ಚಾಲಕನ ತಪ್ಪು, ಸ್ಟೇಷನ್ ಮಾಸ್ಟರ್ ತಪ್ಪು ಎಂಬ ಎಂದಿನ ವಿವರಣೆಗಳು ಇಲ್ಲಿ ಸಾಲುವುದಿಲ್ಲ. ಚಾಲಕ ಸಿಗ್ನಲ್ ಮೀರಿರಲಿಲ್ಲ. ಫಲಕದ ಮುಂದೆ ಕುಳಿತವರಿಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಹಾಗಿದ್ದೂ ಹೀಗಾದದ್ದು ಹೇಗೆಂದು ಅರಿಯಬೇಕಾದರೆ ಆ ಕವಲಿನ ಉಕ್ಕಿನ ಸಲಕರಣೆಗಳನ್ನೇ ಒಮ್ಮೆ ಹತ್ತಿರದಿಂದ ನೋಡಬೇಕಾಗುತ್ತದೆ.

ಚುಕ್ಕಾಣಿ ಇಲ್ಲದ ಬಂಡಿ

ಬಸ್ಸಿನ ಚಾಲಕ ಬೇಕೆಂದಾಗ ಚಕ್ರ ತಿರುಗಿಸಬಲ್ಲ. ರೈಲಿನ ಚಾಲಕನ ಕೈಯಲ್ಲಿ ವೇಗ ಮತ್ತು ಬ್ರೇಕ್ ಮಾತ್ರ ಇವೆ, ದಿಕ್ಕು ಇಲ್ಲ. ದಿಕ್ಕನ್ನು ನಿರ್ಧರಿಸುವುದು ನೆಲದ ಮೇಲಿನ ಕಂಬಿ. ರೈಲಿನ ಪ್ರತಿ ಚಕ್ರದ ಒಳಬದಿಗೆ ಅಂಚಿನಂತೆ ಉಬ್ಬಿದ ಒಂದು ಬಳೆ ಇರುತ್ತದೆ. ಆ ಅಂಚು ಹಳಿಯ ಒಳಮೈಗೆ ತಗುಲಿಕೊಂಡು ಚಕ್ರವನ್ನು ಹಾದಿಯಲ್ಲಿ ಇರಿಸುತ್ತದೆ. ಕವಲಿನಲ್ಲಿ ಆ ಅಂಚನ್ನು ಎಡಕ್ಕೋ ಬಲಕ್ಕೋ ಒಯ್ಯುವ ಕೆಲಸವನ್ನು ಎರಡು ಚೂಪಾದ ಹಳಿಗಳು ಮಾಡುತ್ತವೆ.

ಇವೇ ನಾಲಿಗೆ ಹಳಿಗಳು. ಹೊರಗಿನ ಎರಡು ಹಳಿಗಳು ಅಲುಗಾಡದೆ ಸ್ಲೀಪರ್‌ಗಳಿಗೆ ಬಿಗಿದುಕೊಂಡಿರುತ್ತವೆ. ಅವಕ್ಕೆ ಸ್ಟಾಕ್ ಹಳಿ ಎಂದು ಹೆಸರು. ಅವುಗಳ ನಡುವೆ, ತುದಿಯಲ್ಲಿ ಚಾಕುವಿನ ಅಲಗಿನಂತೆ ಸಣ್ಣದಾಗಿ ಕೊರೆದ ಎರಡು ನಾಲಿಗೆಗಳು, ಜಾರುವ ಪೀಠಗಳ ಮೇಲೆ ಕುಳಿತು ಅತ್ತಿತ್ತ ಸರಿಯಬಲ್ಲವು. ಯಾವುದಾದರೂ ಒಂದು ನಾಲಿಗೆ ತನ್ನ ಪಕ್ಕದ ಸ್ಟಾಕ್ ಹಳಿಗೆ ಒತ್ತಿ ಕುಳಿತಿರುತ್ತದೆ. ಆಗ ಇನ್ನೊಂದು ತನ್ನ ಸ್ಟಾಕ್ ಹಳಿಯಿಂದ ದೂರ ನಿಂತಿರುತ್ತದೆ. ಆ ಅಂತರದಲ್ಲಿ ಚಕ್ರದ ಅಂಚು ನುಸುಳಿ ಹೋಗುತ್ತದೆ. ಭಾರತದ ಬ್ರಾಡ್‌ಗೇಜ್ ಮಾರ್ಗದಲ್ಲಿ ಈ ಅಂತರ ಸಾಮಾನ್ಯವಾಗಿ 115 ಮಿಲಿಮೀಟರ್. ಹೊಸ ಮಾದರಿಯ ದಪ್ಪ ನಾಲಿಗೆಗಳಲ್ಲಿ 160. ಎರಡು ನಾಲಿಗೆಗಳೂ ಒಟ್ಟಿಗೇ ಸರಿಯುವಂತೆ ಅವನ್ನು ಅಡ್ಡಡ್ಡ ಬಂಧಿಸುವ ಪಟ್ಟಿಗಳಿಗೆ ಸ್ಟ್ರೆಚರ್ ಬಾರ್ ಎನ್ನುತ್ತಾರೆ. ಕೆಲವು ಬೋಲ್ಟು, ಕೆಲವು ನಟ್ಟುಗಳ ಬಿಗಿತದಲ್ಲಿ ನಿಂತಿರುವ ಈ ಪಟ್ಟಿಗಳ ಮಾತು ಮುಂದೆ ಮತ್ತೆ ಬರಲಿದೆ.

ನಾಲಿಗೆಗಳನ್ನು ದಾಟಿದ ಚಕ್ರ ಇನ್ನೊಂದು ತೊಡಕನ್ನು ಎದುರಿಸಬೇಕು. ಕವಲಿನ ಎರಡು ದಾರಿಗಳ ಒಳಹಳಿಗಳು ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ಚಕ್ರದ ಅಂಚು ಹಾದುಹೋಗಲು ಹಳಿಯಲ್ಲೇ ಬಿರುಕು ಬಿಡಬೇಕಾಗುತ್ತದೆ. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಪ್ರತಿ ಚಕ್ರವೂ ಇಲ್ಲಿ ಕ್ಷಣಕಾಲ ಆಧಾರವಿಲ್ಲದೆ ಜಿಗಿಯುತ್ತದೆ. ನಿಲ್ದಾಣ ಸಮೀಪಿಸಿದಾಗ ಬೋಗಿಯೊಳಗೆ ಕೇಳುವ ಟಕಟಕ ಸದ್ದಿನ ಹೆಚ್ಚಿನ ಪಾಲು ಇದರದೇ. ಈ ಪೆಟ್ಟನ್ನು ತಡೆಯಲೆಂದೇ ಕ್ರಾಸಿಂಗ್ ಅನ್ನು ಮ್ಯಾಂಗನೀಸ್ ಬೆರೆತ ಉಕ್ಕಿನಿಂದ ಎರಕ ಹೊಯ್ಯಲಾಗುತ್ತದೆ. ಬ್ರಿಟನ್ನಿನ ಲೋಹತಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ 1880ರ ದಶಕದಲ್ಲಿ ಕಂಡುಹಿಡಿದ ಈ ಉಕ್ಕು ಪೆಟ್ಟು ತಿಂದಷ್ಟೂ ಮೈ ಗಟ್ಟಿಯಾಗುವಂಥದು. ಚಕ್ರ ಆ ಬಿರುಕಿನಲ್ಲಿ ದಾರಿ ತಪ್ಪದಂತೆ ಎದುರಿನ ಹಳಿಯ ಪಕ್ಕ ಒಂದು ತುಂಡು ಕಾವಲು ಹಳಿ ಇರುತ್ತದೆ.

ಕವಲು ಎಷ್ಟು ನಿಧಾನವಾಗಿ ಬಾಗುತ್ತದೆ ಎಂಬುದರ ಮೇಲೆ ಅದರ ವೇಗದ ಮಿತಿ ನಿಂತಿದೆ. ಭಾರತದಲ್ಲಿ ಪ್ರಯಾಣಿಕ ಗಾಡಿಗಳ ಮಾರ್ಗಗಳಲ್ಲಿ ಹೆಚ್ಚಾಗಿ ಬಳಸುವುದು ಹನ್ನೆರಡಕ್ಕೆ ಒಂದು ಎಂಬ ಅಳತೆಯ ಕವಲು. ಎಂದರೆ ಕ್ರಾಸಿಂಗ್ ಬಳಿ ಹನ್ನೆರಡು ಅಡಿ ಮುಂದೆ ಹೋದರೆ ಹಳಿಗಳು ಒಂದು ಅಡಿ ಅಗಲುತ್ತವೆ. ಅಲ್ಲಿ ಪಕ್ಕಕ್ಕೆ ತಿರುಗುವ ಗಾಡಿಗೆ ಸಾಮಾನ್ಯವಾಗಿ ಗಂಟೆಗೆ 30 ಕಿಲೋಮೀಟರ್, ಸುಧಾರಿತ ಮಾದರಿಯಲ್ಲಿ 50 ಕಿಲೋಮೀಟರ್ ವೇಗ. ಬಹನಾಗಾದಲ್ಲಿ ಅದೇ ತಿರುವಿಗೆ ನುಗ್ಗಿದ ಗಾಡಿಯ ವೇಗವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅನಾಹುತದ ಗಾತ್ರ ತಿಳಿಯುತ್ತದೆ.

ಗಾಡಿ ನಾಲಿಗೆಯ ತುದಿಯನ್ನು ಎದುರುಗೊಂಡು ಬರುವುದಕ್ಕೂ, ಕವಲಿನ ಹಿಂದಿನಿಂದ ಬಂದು ಒಂದಾಗುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ನಾಲಿಗೆ ತಪ್ಪು ಬದಿಯಲ್ಲಿದ್ದರೆ ಚಕ್ರವೇ ಅದನ್ನು ದೂಡಿಕೊಂಡು ಹೋಗುತ್ತದೆ. ಯಂತ್ರ ಮುರಿಯಬಹುದು, ಗಾಡಿ ಬಹುಮಟ್ಟಿಗೆ ಉಳಿಯುತ್ತದೆ. ಮೊದಲನೆಯದರಲ್ಲಿ ನಾಲಿಗೆ ಎಲ್ಲಿದೆಯೋ ಅತ್ತಲೇ ಗಾಡಿಯ ಪಯಣ. ನಾಲಿಗೆ ಅರೆಬರೆ ತೆರೆದಿದ್ದರೆ ಒಂದು ಚಕ್ರ ಅತ್ತ, ಇನ್ನೊಂದು ಇತ್ತ. ರೈಲ್ವೆಯ ಮೊದಲ ದಶಕಗಳಲ್ಲಿ ಬ್ರಿಟನ್ನಿನ ತಪಾಸಣಾಧಿಕಾರಿಗಳು ಮುಖ್ಯ ಮಾರ್ಗದಲ್ಲಿ ಇಂಥ ಎದುರು ಪಾಯಿಂಟ್‌ಗಳನ್ನು ಸಾಧ್ಯವಾದಷ್ಟೂ ಬೇಡವೆನ್ನುತ್ತಿದ್ದುದು ಈ ಕಾರಣಕ್ಕೇ. ಇಂದಿನ ಯಾವ ನಿಲ್ದಾಣವೂ ಅವಿಲ್ಲದೆ ನಡೆಯಲಾರದು.

ಬೀಗ ಮತ್ತು ಸಾಕ್ಷಿ

ಹಿಂದಿನ ಕಾಲದಲ್ಲಿ ಪಾಯಿಂಟ್ಸ್‌ಮನ್ ಹಳಿಯ ಬಳಿಯೇ ನಿಂತು ಲಿವರ್ ಎಳೆಯುತ್ತಿದ್ದ. ಮುಂದೆ ಎತ್ತರದ ಕ್ಯಾಬಿನ್ನುಗಳು ಬಂದವು. ಸಾಲಾಗಿ ನಿಂತ ಲಿವರ್‌ಗಳಿಂದ ಸರಳು, ತಂತಿಗಳು ಹೊರಟು ದೂರದ ಪಾಯಿಂಟ್ ಮತ್ತು ಕೈಮರಗಳನ್ನು ಆಡಿಸುತ್ತಿದ್ದವು. 1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಪೇಟೆಂಟ್ ಪಡೆದ ಉಪಾಯವೊಂದು ಈ ಲಿವರ್‌ಗಳನ್ನು ಪರಸ್ಪರ ಕಟ್ಟಿಹಾಕಿತು. ಪಾಯಿಂಟ್ ಸರಿಯಾದ ಬದಿಗೆ ಇಲ್ಲದಿದ್ದರೆ ಸಿಗ್ನಲ್ಲಿನ ಲಿವರ್ ಕದಲುವುದೇ ಇಲ್ಲ. ಇದೇ ಇಂಟರ್‌ಲಾಕಿಂಗ್. 1889ರಲ್ಲಿ ಬ್ರಿಟಿಷ್ ಸಂಸತ್ತು ಇದನ್ನು ಪ್ರಯಾಣಿಕ ಮಾರ್ಗಗಳಲ್ಲಿ ಕಡ್ಡಾಯಗೊಳಿಸಿತು. ಕಬ್ಬಿಣದ ಸರಳುಗಳ ಜಾಗಕ್ಕೆ ನಂತರ ವಿದ್ಯುತ್ ರಿಲೇಗಳು, ಈಗ ಕಂಪ್ಯೂಟರ್ ಬಂದಿವೆಯಾದರೂ ತತ್ವ ಬದಲಾಗಿಲ್ಲ. ಭಾರತದಲ್ಲಿ 2023ರ ಮೇ ಅಂತ್ಯದ ವೇಳೆಗೆ 6,400ಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಪಾಯಿಂಟ್ ಮತ್ತು ಸಿಗ್ನಲ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಇತ್ತು.

ಈಗ ಹಳಿಯ ಪಕ್ಕದಲ್ಲಿ ಕಾಣುವ ಕಬ್ಬಿಣದ ಪೆಟ್ಟಿಗೆಯೇ ಪಾಯಿಂಟ್ ಯಂತ್ರ. ಸ್ಟೇಷನ್ ಮಾಸ್ಟರ್ ಫಲಕದಲ್ಲಿ ದಾರಿ ಆರಿಸಿದೊಡನೆ ಅದರೊಳಗಿನ ಮೋಟಾರು ಸುತ್ತಿ ಕೆಲವೇ ಸೆಕೆಂಡುಗಳಲ್ಲಿ ನಾಲಿಗೆಗಳನ್ನು ಸರಿಸುತ್ತದೆ. ಸರಿಸಿದರಷ್ಟೇ ಸಾಲದು. ಗಾಡಿಯ ಅದುರುವಿಕೆಗೆ ನಾಲಿಗೆ ಕದಲದಂತೆ ಅದೇ ಯಂತ್ರ ಬೀಗ ಹಾಕುತ್ತದೆ. ಬೀಗ ಬಿದ್ದ ಮೇಲೂ ಮೂರನೆಯ ಕೆಲಸ ಉಳಿದಿರುತ್ತದೆ: ನಾಲಿಗೆ ನಿಜವಾಗಿ ಎಲ್ಲಿ ಕುಳಿತಿದೆ ಎಂಬುದನ್ನು ಬೇರೆಯೇ ಸರಳುಗಳ ಮೂಲಕ ಅರಿತು, ವಿದ್ಯುತ್ ಸಂಪರ್ಕ ಕೂಡಿಸಿ, ನಿಲ್ದಾಣಕ್ಕೆ ವರದಿ ಒಪ್ಪಿಸುವುದು. ಇದನ್ನು ಡಿಟೆಕ್ಷನ್ ಎನ್ನುತ್ತಾರೆ. ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ ಸಾಕ್ಷಿ ನುಡಿಯುವುದು. ಈ ಸಾಕ್ಷಿ ಬಾರದೆ ಹಸಿರು ದೀಪ ಹೊತ್ತುವಂತಿಲ್ಲ. ಸಾಕ್ಷಿ ಮಧ್ಯೆ ತಪ್ಪಿದರೆ, ಅದು ತಂತಿ ತುಂಡಾಗಿಯೇ ಇರಲಿ, ವಿದ್ಯುತ್ ಹೋಗಿಯೇ ಇರಲಿ, ಸಿಗ್ನಲ್ ಕೆಂಪಾಗಬೇಕು.

ಸಾಕ್ಷಿಯ ಪ್ರಾಮಾಣಿಕತೆಯನ್ನು ಪರೀಕ್ಷಿಸಲು ಸರಳವಾದ ಒಂದು ಕ್ರಮವಿದೆ. ನಾಲಿಗೆಯ ತುದಿಯಿಂದ 150 ಮಿಲಿಮೀಟರ್ ದೂರದಲ್ಲಿ, ನಾಲಿಗೆ ಮತ್ತು ಸ್ಟಾಕ್ ಹಳಿಯ ನಡುವೆ 5 ಮಿಲಿಮೀಟರ್ ದಪ್ಪದ ಉಕ್ಕಿನ ತುಂಡು ಇಟ್ಟು ಯಂತ್ರ ಓಡಿಸುತ್ತಾರೆ. ಬೀಗ ಬೀಳಬಾರದು, ಸಿಗ್ನಲ್ ಬರಬಾರದು. ಒಂದು ಜಲ್ಲಿಕಲ್ಲಿನ ಚೂರು ಸಿಕ್ಕಿಕೊಂಡರೂ ಸಿಗ್ನಲ್ ಕೆಂಪಾಗಿಯೇ ಉಳಿಯುವುದು ಇದರಿಂದಾಗಿ. ಮಳೆಗಾಲದಲ್ಲಿ ಗಾಡಿ ಕಾರಣ ತಿಳಿಯದೆ ನಿಲ್ದಾಣದ ಹೊರಗೆ ನಿಂತಾಗ ಶಪಿಸುವ ಪ್ರಯಾಣಿಕರು, ಎಷ್ಟೋ ಸಲ ಆ ನಿಲುಗಡೆ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿದ್ದಕ್ಕೆ ಸಿಕ್ಕ ಗುರುತು ಎಂಬುದನ್ನು ಅರಿತಿರಲಾರರು.

ಇಷ್ಟೆಲ್ಲ ಇದ್ದೂ ಎಡವುವುದೆಲ್ಲಿ? ಗಮನಿಸಬೇಕಾದ ಅಂಶವೆಂದರೆ ಈ ಸಾಕ್ಷಿ ನುಡಿಯುವುದು ಒಂದೇ ಸಂಗತಿಯನ್ನು: ನಾಲಿಗೆ ಈ ಕ್ಷಣ ಎಲ್ಲಿದೆ ಎಂಬುದನ್ನು. ನಾಲಿಗೆಯನ್ನು ಹಿಡಿದಿರುವ ಬೋಲ್ಟು ಬಿಗಿಯಾಗಿದೆಯೇ ಸಡಿಲವಾಗಿದೆಯೇ ಎಂದು ಅದು ಹೇಳುವುದಿಲ್ಲ. ಹಾಗೆಯೇ ತನ್ನ ಮಾತನ್ನು ನಿಲ್ದಾಣಕ್ಕೆ ಹೊತ್ತೊಯ್ಯುವ ತಂತಿ ಸರಿಯಾದ ತಂತಿಯೇ ಎಂಬುದೂ ಅದಕ್ಕೆ ಗೊತ್ತಿಲ್ಲ. ಕವರೈಪೇಟ್ಟೈ ಮೊದಲ ಕುರುಡುತನದ ಉದಾಹರಣೆಯಾದರೆ ಬಹನಾಗಾ ಎರಡನೆಯದರದು.

ಬೋಲ್ಟಿನ ಕಥೆ, ತಂತಿಯ ಕಥೆ

ಕವರೈಪೇಟ್ಟೈ ಅಪಘಾತದ ಬಗ್ಗೆ ರೈಲ್ವೆ ಸುರಕ್ಷತಾ ಆಯುಕ್ತರು ನಡೆಸಿದ ತನಿಖೆ, ಪಾಯಿಂಟ್‌ನ ಯಾಂತ್ರಿಕ ಭಾಗಗಳನ್ನು ದುಷ್ಕರ್ಮಿಗಳು ಬಿಚ್ಚಿ ಬೇರ್ಪಡಿಸಿದ್ದರು, ಇದು ವಿಧ್ವಂಸಕ ಕೃತ್ಯ ಎಂಬ ತೀರ್ಮಾನಕ್ಕೆ ಬಂತು. ಭಾಗಗಳು ಮುರಿದಿರಲಿಲ್ಲ, ಕಳಚಲ್ಪಟ್ಟಿದ್ದವು. ಯಾರು, ಏಕೆ ಎಂಬುದು ಪೊಲೀಸರಿಗೆ ಬಿಟ್ಟ ವಿಷಯ. ಎಂಜಿನಿಯರುಗಳನ್ನು ಕಾಡಬೇಕಾದ ಪ್ರಶ್ನೆ ಬೇರೆ. ನಿತ್ಯ ನೂರಾರು ಬೋಗಿಗಳು ಹಾಯುವ ಮುಖ್ಯ ಮಾರ್ಗದ ಎದುರು ಪಾಯಿಂಟ್ ಒಂದನ್ನು ಸಾಮಾನ್ಯ ಉಪಕರಣಗಳಿಂದ ಬಿಚ್ಚಲು ಸಾಧ್ಯವಾಗುವುದಾದರೆ, ಮತ್ತು ಬಿಚ್ಚಿದ್ದು ನಿಲ್ದಾಣದ ಫಲಕಕ್ಕೆ ಗಾಡಿ ಬರುವ ಮೊದಲು ತಿಳಿಯದಿದ್ದರೆ, ಅಂಥ ಪಾಯಿಂಟ್‌ಗಳು ದೇಶದಲ್ಲಿ ಎಷ್ಟಿವೆ?

ದುಷ್ಕರ್ಮಿಯೇ ಬೇಕೆಂದಿಲ್ಲ. ಬ್ರಿಟನ್ನಿನ ಪಾಟರ್ಸ್ ಬಾರ್‌ನಲ್ಲಿ 2002ರ ಮೇ 10ರಂದು ಲಂಡನ್ನಿನಿಂದ ಕಿಂಗ್ಸ್ ಲಿನ್‌ಗೆ ಹೊರಟಿದ್ದ ಗಾಡಿ ಪಾಯಿಂಟ್ ಮೇಲೆ ಹಳಿ ತಪ್ಪಿ 7 ಮಂದಿ ಸತ್ತರು. ಮೊದಲು ವಿಧ್ವಂಸಕ ಕೃತ್ಯದ ಮಾತು ಅಲ್ಲಿಯೂ ಕೇಳಿಬಂದಿತ್ತು. ಕೊನೆಗೆ ಉಳಿದ ಸತ್ಯ ತೀರ ಸಾಮಾನ್ಯವಾದದ್ದು: ಸ್ಟ್ರೆಚರ್ ಬಾರ್‌ನ ನಟ್ಟುಗಳು ಸಡಿಲಗೊಂಡು ಕಳಚಿದ್ದವು, ನಿರ್ವಹಣೆ ಕಳಪೆಯಾಗಿತ್ತು. ಹಳಿಗಳ ನಿರ್ವಹಣೆಯನ್ನು ಅಂದು ಖಾಸಗಿ ಗುತ್ತಿಗೆದಾರರಿಗೆ ವಹಿಸಲಾಗಿತ್ತು. 2003ರಲ್ಲಿ ನೆಟ್‌ವರ್ಕ್ ರೈಲ್ ಸಂಸ್ಥೆ ಆ ಕೆಲಸವನ್ನು ತನ್ನ ಕೈಗೆ ಹಿಂದಕ್ಕೆ ತೆಗೆದುಕೊಳ್ಳಲು ನಿರ್ಧರಿಸಿತು. ಅಷ್ಟಕ್ಕೇ ಎಲ್ಲವೂ ಸರಿಹೋಯಿತೆಂದಲ್ಲ. 2007ರ ಫೆಬ್ರುವರಿ 23ರಂದು ಕಂಬ್ರಿಯಾದ ಗ್ರೇರಿಗ್ ಬಳಿ ಲಂಡನ್–ಗ್ಲಾಸ್ಗೋ ಗಾಡಿ ಪಾಯಿಂಟ್ ಮೇಲೆಯೇ ಹಳಿ ತಪ್ಪಿತು, ವೃದ್ಧೆಯೊಬ್ಬರು ಸತ್ತರು. ಮತ್ತೆ ಅದೇ ಸ್ಟ್ರೆಚರ್ ಬಾರ್. ಅಪಘಾತಕ್ಕೆ ಐದು ದಿನ ಮೊದಲು ಆ ಜಾಗದಲ್ಲಿ ನಡೆಯಬೇಕಿದ್ದ ಕಾಲ್ನಡಿಗೆಯ ತಪಾಸಣೆ ನಡೆದಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಿತ್ತು. ಇದಾದ ನಂತರವೇ ಅಲ್ಲಿ ಸ್ಟ್ರೆಚರ್ ಬಾರ್‌ನ ವಿನ್ಯಾಸವನ್ನೇ ಬದಲಿಸುವ ಕೆಲಸ ಆರಂಭವಾದದ್ದು. ಐದು ವರ್ಷಗಳ ಅಂತರದಲ್ಲಿ ಎರಡು ಸಲ ಪೆಟ್ಟು ತಿಂದ ಮೇಲೆ ಎಂಬುದನ್ನು ಮರೆಯುವಂತಿಲ್ಲ.

ಬಹನಾಗಾದ ತಂತಿಯ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿ 17ನೇ ಸಂಖ್ಯೆಯ ಪಾಯಿಂಟ್ ಗಾಡಿಯನ್ನು ಲೂಪ್ ಲೈನಿಗೆ ಒಯ್ಯುವ ಬದಿಯಲ್ಲಿತ್ತು. ಬೋಲ್ಟು ಬಿಗಿಯಾಗಿದ್ದವು, ಬೀಗ ಬಿದ್ದಿತ್ತು, ಯಂತ್ರ ಕೆಟ್ಟಿರಲಿಲ್ಲ. ಆದರೆ ಅದು ನೇರ ಮಾರ್ಗಕ್ಕೆ ಹೊಂದಿಕೊಂಡಿದೆ ಎಂಬ ಸುಳ್ಳು ಸಾಕ್ಷಿ ನಿಲ್ದಾಣಕ್ಕೆ ತಲುಪುತ್ತಿತ್ತು. ಸುರಕ್ಷತಾ ಆಯುಕ್ತರ ವರದಿಯ ಪ್ರಕಾರ ಇದಕ್ಕೆ ಎರಡು ಕಾರಣ. ಹಿಂದೆಂದೋ ನಿಲ್ದಾಣದ ಉತ್ತರ ತುದಿಯ ಸಿಗ್ನಲ್ ಗುಮ್ಟಿಯಲ್ಲಿ ಸರ್ಕ್ಯೂಟ್ ಮಾರ್ಪಡಿಸಿದಾಗ ಆದ ಲೋಪ ಒಂದು. ಅಪಘಾತದ ಹೊತ್ತಿಗೆ 94ನೇ ಲೆವೆಲ್ ಕ್ರಾಸಿಂಗ್‌ನ ವಿದ್ಯುತ್ ತಡೆಗಂಬ ಬದಲಿಸುವ ಕೆಲಸದಲ್ಲಿ ಆದ ತಪ್ಪು ಜೋಡಣೆ ಇನ್ನೊಂದು. ಪೆಟ್ಟಿಗೆಯೊಳಗಿನ ತಂತಿಗಳ ಮೇಲಿನ ಬರಹವೇ ತಪ್ಪಾಗಿತ್ತು; ವರ್ಷಗಟ್ಟಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗೇಟಿನ ಕೆಲಸಕ್ಕೂ ಪಾಯಿಂಟಿಗೂ ಏನು ಸಂಬಂಧ ಎಂದು ಅಚ್ಚರಿಯಾಗಬಹುದು. ಎರಡರ ತಂತಿಗಳೂ ಒಂದೇ ಪೆಟ್ಟಿಗೆಯ ಮೂಲಕ ಹಾದುಹೋಗಿದ್ದವು.

ತಂತಿ ತುಂಡಾದರೆ ಸಿಗ್ನಲ್ ಕೆಂಪಾಗುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ತಂತಿ ತುಂಡಾಗದೆ, ಬೇರೊಂದಕ್ಕೆ ಕೂಡಿಕೊಂಡು ಸುಳ್ಳು ಹೇಳಿದರೆ ಅದಕ್ಕೆ ಅಂಥ ತಡೆಯಿಲ್ಲ. ಹೀಗಾಗಿಯೇ ಸಿಗ್ನಲ್ ಉಪಕರಣ ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ ಪಾಲಿಸಬೇಕಾದ ನಿಯಮಗಳು ಅಷ್ಟು ಕಟ್ಟುನಿಟ್ಟಾಗಿವೆ. ಮೊದಲು ಸ್ಟೇಷನ್ ಮಾಸ್ಟರ್‌ಗೆ ಲಿಖಿತ ಡಿಸ್ಕನೆಕ್ಷನ್ ಮೆಮೊ ಕೊಡಬೇಕು; ಆ ಅವಧಿಯಲ್ಲಿ ಗಾಡಿಗಳು ಸಿಗ್ನಲ್ ನಂಬಿ ಓಡುವಂತಿಲ್ಲ. ಕೆಲಸ ಮುಗಿದ ಮೇಲೆ ಒಬ್ಬ ಫಲಕದ ಮುಂದೆ, ಇನ್ನೊಬ್ಬ ಹಳಿಯ ಮೇಲೆ ನಿಂತು, ಫಲಕ ಹೇಳುತ್ತಿರುವುದೂ ನೆಲದ ಮೇಲೆ ಇರುವುದೂ ಒಂದೇ ಎಂದು ಪ್ರತಿ ಪಾಯಿಂಟನ್ನೂ ಎರಡೂ ಬದಿಗೆ ಆಡಿಸಿ ತಾಳೆ ನೋಡಬೇಕು. ಬಹನಾಗಾದಲ್ಲಿ ಈ ತಾಳೆ ನೋಡುವಿಕೆ ನಿಯಮದಂತೆ ನಡೆದಿದ್ದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು.

ನಡೆಯದಿರಲು ಕಾರಣವೇನು ಎಂಬುದಕ್ಕೆ ಸೋಮಾರಿತನ ಎಂಬ ಉತ್ತರ ಸುಲಭ. ಅದು ಅರ್ಧ ಸತ್ಯ. ಮೆಮೊ ಕೊಟ್ಟೊಡನೆ ಗಾಡಿಗಳು ನಿಧಾನಗೊಳ್ಳುತ್ತವೆ; ಒಂದರ ಹಿಂದೆ ಒಂದು ತಡವಾಗುತ್ತವೆ; ವಿಭಾಗದ ನಿಯಂತ್ರಣ ಕೊಠಡಿಯಿಂದ ಕರೆಗಳು ಬರತೊಡಗುತ್ತವೆ. ವೇಳಾಪಟ್ಟಿ ಪ್ರತಿ ವರ್ಷ ಬಿಗಿಯಾಗುತ್ತಿದೆ, ಗಾಡಿಗಳ ಸಂಖ್ಯೆ ಏರುತ್ತಿದೆ, ಹಳಿಯನ್ನು ದುರಸ್ತಿಗೆ ಬಿಟ್ಟುಕೊಡುವ ಹೊತ್ತು ಕುಗ್ಗುತ್ತಿದೆ. ಅರ್ಧ ಗಂಟೆಯ ಕೆಲಸವನ್ನು ಎರಡು ಗಾಡಿಗಳ ನಡುವಿನ ಹತ್ತು ನಿಮಿಷದಲ್ಲಿ ಮುಗಿಸುವವನನ್ನು ಚುರುಕಿನ ಕೆಲಸಗಾರ ಎನ್ನುವ ವಾತಾವರಣದಲ್ಲಿ ನಿಯಮ ಪಾಲಿಸುವವನು ತಡಮಾಡುವವನಾಗಿ ಕಾಣುತ್ತಾನೆ. ಬಹನಾಗಾ ಪ್ರಕರಣದಲ್ಲಿ ಸಿಬಿಐ 2023ರ ಜುಲೈನಲ್ಲಿ ಬಂಧಿಸಿದ್ದು ಕೆಳ ಮತ್ತು ಮಧ್ಯಮ ಹಂತದ ಮೂವರು ಸಿಬ್ಬಂದಿಯನ್ನು. ಅವರ ಹೊಣೆಯನ್ನು ನ್ಯಾಯಾಲಯ ತೀರ್ಮಾನಿಸಲಿ. ತಪ್ಪು ಬರಹದ ತಂತಿ ವರ್ಷಗಟ್ಟಲೆ ತಪಾಸಣೆಗಳ ಕಣ್ತಪ್ಪಿಸಿ ಉಳಿದದ್ದು ಮೂವರಿಂದ ಆಗುವ ಕೆಲಸವಲ್ಲ ಎಂಬುದಂತೂ ವರದಿ ಓದಿದ ಯಾರಿಗೂ ತಿಳಿಯುತ್ತದೆ.

ಕಂಡಿದ್ದನ್ನು ಕಾಣದಂತೆ

ಅದೇ ವರದಿಯಲ್ಲಿ ಇನ್ನೂ ಎರಡು ಮಾತುಗಳಿವೆ. ಎರಡು ಹಳಿಗಳನ್ನು ಕೂಡಿಸುವ ಪಾಯಿಂಟ್‌ಗಳು ಪದೇ ಪದೇ ಅಸಹಜವಾಗಿ ವರ್ತಿಸುತ್ತಿದ್ದುದನ್ನು ನಿಲ್ದಾಣದವರು ಸಿಗ್ನಲ್ ವಿಭಾಗಕ್ಕೆ ತಿಳಿಸಿದ್ದರೆ ಪರಿಹಾರ ಸಾಧ್ಯವಿತ್ತು ಎಂಬುದು ಒಂದು. 2022ರ ಮೇ 16ರಂದು ಅದೇ ಖರಗ್‌ಪುರ ವಿಭಾಗದ ಬಾಂಕ್ರಾನಯಾಬಾಜ್ ನಿಲ್ದಾಣದಲ್ಲಿ ತಪ್ಪು ತಂತಿ ಜೋಡಣೆಯಿಂದ ಇಂಥದೇ ಘಟನೆ ನಡೆದಿತ್ತು, ಆಗಲೇ ಎಚ್ಚೆತ್ತಿದ್ದರೆ ಬಹನಾಗಾ ಆಗುತ್ತಿರಲಿಲ್ಲ ಎಂಬುದು ಇನ್ನೊಂದು. ಇದರ ಜತೆಗೆ ಹೊಸದುರ್ಗ ರಸ್ತೆಯ ಪತ್ರವನ್ನೂ ಇಟ್ಟು ನೋಡಿದರೆ, ಒಂದು ವರ್ಷದೊಳಗೆ ದೇಶದ ಎರಡು ಮೂಲೆಗಳಲ್ಲಿ ಎರಡು ಸಲ, ಯಾರ ಪ್ರಾಣವನ್ನೂ ಕೇಳದೆ, ರೈಲ್ವೆಗೆ ಎಚ್ಚರಿಕೆ ಸಿಕ್ಕಿತ್ತೆಂದಾಯಿತು.

ವಿಮಾನಯಾನದಲ್ಲಿ ಕೂದಲೆಳೆಯಲ್ಲಿ ತಪ್ಪಿದ ಅಪಘಾತವನ್ನೂ ಅಪಘಾತದಂತೆಯೇ ತನಿಖೆಗೆ ಒಳಪಡಿಸುವ ಪದ್ಧತಿ ಬೆಳೆದುಬಂದಿದೆ. ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಮಂಡಳಿಯ ಅಂಕೆಯಲ್ಲಿರದೆ ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿರುವುದು ಸ್ವತಂತ್ರ ತನಿಖೆಗೆ ಅನುವಾಗಲೆಂದು. ಆದರೆ ಸಾಮಾನ್ಯವಾಗಿ ಅವರು ಸ್ಥಳಕ್ಕೆ ಧಾವಿಸುವುದು ದೊಡ್ಡ ಅಪಘಾತಗಳಾದಾಗ. ಚಾಲಕನ ಜಾಗರೂಕತೆಯಿಂದ ಗಾಡಿ ನಿಂತುಬಿಟ್ಟರೆ ವಿಚಾರಣೆ ವಿಭಾಗದೊಳಗೇ ನಡೆದು, ಕಾಗದ ವಿಭಾಗದೊಳಗೇ ಉಳಿಯುತ್ತದೆ. ಒಂದು ವಲಯದಲ್ಲಿ ಕಲಿತ ಪಾಠ ಪಕ್ಕದ ವಲಯಕ್ಕೆ ದಾಟಲು ದಾರಿಯೇ ಕಡಿಮೆ.

ಬಹನಾಗಾದ ನಂತರ ರೈಲ್ವೆ ಮಂಡಳಿ ಕೈಕಟ್ಟಿ ಕೂತಿತ್ತು ಎನ್ನಲಾಗದು. ರಿಲೇ ಕೊಠಡಿ, ಗುಮ್ಟಿಗಳಿಗೆ ಎರಡು ಬೀಗಗಳ ವ್ಯವಸ್ಥೆ ಮಾಡಬೇಕೆಂದು, ಮೆಮೊ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸೂಚನೆಗಳು ಹೋದವು. ಪಾಯಿಂಟ್‌ಗಳನ್ನು ಹಳಿ ವಿಭಾಗ ಮತ್ತು ಸಿಗ್ನಲ್ ವಿಭಾಗದ ಎಂಜಿನಿಯರುಗಳು ಜಂಟಿಯಾಗಿ ಪರಿಶೀಲಿಸಬೇಕೆಂಬುದು ಹಳೆಯ ನಿಯಮ. ನಾಲಿಗೆ ಹಳಿ ಒಬ್ಬರ ಸುಪರ್ದಿ, ಅದನ್ನು ಆಡಿಸುವ ಯಂತ್ರ ಮತ್ತೊಬ್ಬರದು. ಎರಡು ಇಲಾಖೆಗಳ ಗಡಿ ಹಾಯುವುದೇ ಆ ಕೆಲವು ಬೋಲ್ಟುಗಳ ಮೇಲೆ ಎಂಬುದರಿಂದ ಜಂಟಿ ಪರಿಶೀಲನೆ ಬರೀ ಸಹಿಯ ಶಾಸ್ತ್ರವಾದರೆ ನಷ್ಟ ಯಾರಿಗೆಂದು ವಿವರಿಸಬೇಕಿಲ್ಲ.

ಸಾರ್ವಜನಿಕ ಚರ್ಚೆ ಮಾತ್ರ ಪ್ರತಿ ಅಪಘಾತದ ನಂತರವೂ 'ಕವಚ್' ಎಲ್ಲಿ ಎಂಬ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ. ಚಾಲಕ ಕೆಂಪು ಸಿಗ್ನಲ್ ಮೀರಿದರೆ, ಮಿತಿ ಮೀರಿ ಓಡಿಸಿದರೆ ತಾನೇ ಬ್ರೇಕ್ ಹಾಕುವ ಈ ದೇಶೀಯ ವ್ಯವಸ್ಥೆ ಬೇಕೇ ಬೇಕು. ಅದರ ಅಳವಡಿಕೆ ನಿಧಾನವಾಗಿರುವುದೂ ನಿಜ. ಆದರೆ ನಿಲ್ದಾಣದ ಕವಚ್ ತನ್ನ ಮಾಹಿತಿ ಪಡೆಯುವುದು ಅದೇ ಇಂಟರ್‌ಲಾಕಿಂಗ್‌ನಿಂದ. ಇಂಟರ್‌ಲಾಕಿಂಗ್ ದಾರಿ ನೇರವಾಗಿದೆ ಎಂದರೆ ಕವಚ್ ಕೂಡ ಹೌದೆನ್ನುತ್ತದೆ. ಬಹನಾಗಾ ದುರಂತಕ್ಕೂ ಕವಚ್‌ಗೂ ಸಂಬಂಧವಿಲ್ಲ ಎಂದು ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಎರಡೇ ದಿನಗಳಲ್ಲಿ ಹೇಳಿದಾಗ ಅದನ್ನು ಜಾರಿಕೊಳ್ಳುವ ಮಾತೆಂದು ಟೀಕಿಸಿದವರಿದ್ದರು. ತಾಂತ್ರಿಕವಾಗಿ ಆ ಮಾತಿನಲ್ಲಿ ಹುರುಳಿತ್ತು. ಆ ಮಾತಿನ ಇನ್ನೊಂದು ಅರ್ಥವನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ: ಕವಚ್ ಪೂರ್ತಿಯಾಗಿ ಬಂದ ಮೇಲೂ ತಪ್ಪು ತಂತಿಯ ಅಪಾಯ ಹಾಗೆಯೇ ಉಳಿಯುತ್ತದೆ.

ಪಾಯಿಂಟ್ ಯಂತ್ರದ ಮೋಟಾರು ಎಷ್ಟು ವಿದ್ಯುತ್ ಎಳೆಯುತ್ತಿದೆ, ನಾಲಿಗೆ ಸರಿಯಲು ಎಷ್ಟು ಹೊತ್ತು ಬೇಕಾಯಿತು ಎಂಬುದನ್ನು ದೂರದಿಂದಲೇ ಅಳೆದು ಕೆಡುವ ಮೊದಲೇ ಸುಳಿವು ಕೊಡುವ ಉಪಕರಣಗಳು ಈಗ ಲಭ್ಯವಿವೆ. ಜಾರುವ ಪೀಠ ಒಣಗಿದ್ದರೆ, ಜಲ್ಲಿ ಅಡ್ಡ ಬಂದರೆ ಅವು ಹೇಳುತ್ತವೆ. ಬಿಚ್ಚಿದ ಬೋಲ್ಟನ್ನು ಬೆಳಗಿನ ಜಾವ ಸುತ್ತಿಗೆ, ಸ್ಪ್ಯಾನರ್ ಹೊತ್ತು ಹಳಿಯುದ್ದಕ್ಕೂ ನಡೆಯುವ ಕೀಮನ್‌ನ ಕಣ್ಣೇ ಇಂದಿಗೂ ಹೆಚ್ಚು ನೆಚ್ಚಬಹುದಾದ ರೀತಿಯಲ್ಲಿ ಹಿಡಿಯುತ್ತದೆ. ಕವರೈಪೇಟ್ಟೈಯಂಥ ಕಡೆ ರಾತ್ರಿ ಹೊತ್ತು ಪಾಯಿಂಟ್‌ಗಳನ್ನು ಯಾರು ನೋಡುತ್ತಾರೆ ಎಂಬುದು ಸಿಬ್ಬಂದಿಯ ಸಂಖ್ಯೆಗೆ ಸಂಬಂಧಿಸಿದ ಪ್ರಶ್ನೆ.

ರಾಜ್ಯದ ಮಟ್ಟಿಗೆ ಇದರ ಮಹತ್ವ ಕಡಿಮೆಯೇನಲ್ಲ. ಜೋಡಿಹಳಿ ಕಾಮಗಾರಿ, ಯಾರ್ಡ್ ಮರುವಿನ್ಯಾಸ ನಡೆದಲ್ಲೆಲ್ಲ ಹಳೆಯ ಪಾಯಿಂಟ್‌ಗಳು ಕಿತ್ತು ಹೊಸವು ಕೂರುತ್ತವೆ, ಹಳೆಯ ಪೆಟ್ಟಿಗೆಗಳಲ್ಲಿ ಹೊಸ ತಂತಿಗಳು ಸೇರುತ್ತವೆ. ಬಹನಾಗಾದಲ್ಲಿ ದೋಷ ಹುಟ್ಟಿದ್ದು ಇಂಥ ಮಾರ್ಪಾಡಿನ ವೇಳೆಯಲ್ಲೇ. ಪ್ರತಿ ಕಾಮಗಾರಿಯ ಉದ್ಘಾಟನೆಗೆ ದಿನಾಂಕ ಮೊದಲೇ ಗೊತ್ತಾಗಿರುತ್ತದೆ. ತಾಳೆ ನೋಡುವ ಪರೀಕ್ಷೆಗೆ ಎಷ್ಟು ಗಂಟೆ ಮೀಸಲಿಟ್ಟರು, ಅದರ ದಾಖಲೆ ಎಲ್ಲಿದೆ ಎಂದು ಯಾವ ಸಂಸದರೂ ಕೇಳಿದಂತಿಲ್ಲ.

ಹೊಸದುರ್ಗ ರಸ್ತೆಯ ಘಟನೆ ನಡೆದದ್ದು ಫೆಬ್ರುವರಿ 8ರಂದು. ಬಹನಾಗಾದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ತಿರುಗಿದ್ದು ಜೂನ್ 2ರಂದು. ನಡುವೆ ಇದ್ದದ್ದು 114 ದಿನ. ಆ ಅವಧಿಯಲ್ಲಿ ಮೈಸೂರು ವಿಭಾಗದ ಪತ್ರ ಎಷ್ಟು ಮೇಜುಗಳನ್ನು ದಾಟಿತು, ಅದರ ಪ್ರತಿ ಖರಗ್‌ಪುರದವರೆಗೆ ಹೋಗಿತ್ತೇ ಎಂಬುದನ್ನು ರೈಲ್ವೆ ಮಂಡಳಿ ಈಗಲಾದರೂ ಜನರ ಮುಂದಿಡಬಹುದು.